ಮಾವನ ಮನೆಗೆ ರಿವರ್ಸ್ ಗೇರಿನಲ್ಲಿ

ಪೊಲೀಸ್ ಇಲಾಖೆಗೆ ಹೊಸದಾಗಿ ಚಾಲಕರಾಗಿ ಸೇರಿದ ಹುಡುಗರು ಯಾರಾದರೂ ಕೋಲಾರದ ನಮ್ಮ ಮನೆಗೆ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: “ಗಾಡಿ ಹೆಂಗ್ ನಿಲ್ಸಿದ್ದೀಯಪ್ಪ?” ಅವರು ಗೇಟಿನ ಕಡೆ ತಿರುಗಿ ನೋಡುತ್ತಾರೆ. ಬೈಕಿನ ಮೂತಿ ರಸ್ತೆಯ ಕಡೆಗಿದ್ದರೆ ಹುಡುಗ ಕೆಲಸ ಕಲಿತಿದ್ದಾನೆ ಅಂತ ಲೆಕ್ಕ. ಗೋಡೆಯ ಕಡೆಗಿದ್ದರೆ ಕಾಫಿ ಕೊಟ್ಟು ಕೂರಿಸಿಕೊಂಡು ಪಾಠ ಶುರು ಮಾಡುತ್ತೇನೆ. ಆಗ ಅಡುಗೆಮನೆಯಿಂದ ನನ್ನ ಹೆಂಡತಿ ರತ್ನಳ ದನಿ ಬರುತ್ತದೆ.

“ಹೇಳಿ ಹೇಳಿ. ಹಂಗೇ ಆ ಪಾಠ ನಮ್ಮಪ್ಪನ್ನ ಎಲ್ಲಿಗೆ ಹತ್ತಿಸ್ತು ಅನ್ನೋದ್ನೂ ಹೇಳಿ.”

ಹೇಳುತ್ತೇನೆ. ಅದನ್ನು ಬಿಟ್ಟರೆ ನನ್ನ ನೌಕರಿಯ ಕಥೆಯಲ್ಲಿ ಉಳಿಯುವುದು ಬರೀ ಡೀಸೆಲ್ ವಾಸನೆ.

ಪಾಠ ಇಷ್ಟೇ. ಪೊಲೀಸ್ ಜೀಪನ್ನು ಎಲ್ಲೇ ನಿಲ್ಲಿಸಿದರೂ ಮೂತಿ ರಸ್ತೆಗೆ, ಬೆನ್ನು ಮನೆಗೆ. ನನಗೆ ಕೆಲಸ ಕಲಿಸಿದ ಹಿರಿಯ ಚಾಲಕರು ಹೇಳುತ್ತಿದ್ದರು: “ಸಾಹೇಬ್ರು ಓಡಿಬಂದು ಕೂತ್ಮೇಲೆ ನೀನು ಗಾಡಿ ತಿರುಗಿಸ್ಕೊಂಡು ಕೂತಿದ್ರೆ, ಕಳ್ಳ ಮನೆಗೆ ಹೋಗಿ ಉಂಡು ಮಲಗಿರ್ತಾನೆ ಕಣೋ.” ಇನ್ನು ಯಾರನ್ನಾದರೂ ಹಿಡಿದು ತರುವುದಿದ್ದರಂತೂ ಜೀಪನ್ನು ಹಿಂದಕ್ಕೆ ಒತ್ತಿ, ಹಿಂಬಾಗಿಲನ್ನು ಅವನ ಮನೆಯ ಹೊಸ್ತಿಲಿಗೇ ತಂದು ನಿಲ್ಲಿಸಬೇಕು. ಹೊಸ್ತಿಲಿಂದ ಹೆಜ್ಜೆ ಎತ್ತಿದರೆ ಇಟ್ಟದ್ದು ಜೀಪಿನೊಳಗೆ. ನಡುವೆ ಓಡಲು ಜಾಗವೇ ಇರಬಾರದು. ಈ ವಿದ್ಯೆ ನನ್ನ ಕೈಗೆ ಎಷ್ಟು ಹತ್ತಿತೆಂದರೆ, ದೇವಸ್ಥಾನಕ್ಕೆ ಸೈಕಲ್ಲಿನಲ್ಲಿ ಹೋದರೂ ಅದನ್ನು ತಿರುಗಿಸಿ ನಿಲ್ಲಿಸಿಯೇ ಒಳಗೆ ಹೋಗುತ್ತಿದ್ದೆ.

ಆಗ ನಾನಿದ್ದದ್ದು ಜಿಲ್ಲೆಯೆಲ್ಲ ಸುತ್ತುವ ಒಂದು ದಳದಲ್ಲಿ. ಬೆಳಿಗ್ಗೆ ಮಾಲೂರಾದರೆ ಮಧ್ಯಾಹ್ನ ಮುಳಬಾಗಿಲು. ನಮ್ಮ ಸಾಹೇಬರು ಒಳ್ಳೆಯ ಮನುಷ್ಯ, ದೊಡ್ಡ ಜೀವ. ಅವರು ಮುಂದಿನ ಸೀಟಿನಲ್ಲಿ ಕೂತರೆ ಜೀಪು ಎಡಕ್ಕೆ ವಾಲುತ್ತಿತ್ತು. ನಾನು ಸ್ಟಿಯರಿಂಗನ್ನು ಸ್ವಲ್ಪ ಬಲಕ್ಕೆ ಎಳೆದೇ ಹಿಡಿದಿರಬೇಕಿತ್ತು.

ಒಂದು ಮಧ್ಯಾಹ್ನ ಟೇಕಲ್ ಬೆಟ್ಟದ ಹಿಂದೆ ಬಂಡೆ ನೆರಳಿನಲ್ಲಿ ಜೂಜು ನಡೆಯುತ್ತಿದೆ ಎಂದು ಸುದ್ದಿ ಬಂತು. ಇಂಥ ದಾಳಿಗೆ ಹೋಗುವಾಗ ಇಳಿಜಾರು ಸಿಕ್ಕ ಕೂಡಲೇ ಎಂಜಿನ್ ಆಫ್ ಮಾಡಿ, ಗಾಡಿಯನ್ನು ತನ್ನ ಪಾಡಿಗೆ ಉರುಳಲು ಬಿಡಬೇಕು. ಬೆಕ್ಕು ಬಂದಂತೆ ಬಂದೆವು. ಹಿಂದೆ ಕೂತ ಕಾನ್‌ಸ್ಟೇಬಲ್‌ಗಳು ಉಸಿರು ಬಿಗಿಹಿಡಿದಿದ್ದರು. ಬಂಡೆ ಕಾಣಿಸಿತು. ಇಸ್ಪೀಟ್ ಎಲೆ ಕಲಸುವ ಸದ್ದೂ ಕೇಳಿಸಿತು. ಇಳಿಯಲು ಸಿದ್ಧರಾದ ಸಾಹೇಬರು ಹ್ಯಾಟ್ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಅವರ ಹೊಟ್ಟೆ ಸೈರನ್ ಗುಂಡಿಗೆ ಒತ್ತಿತು.

ಆ ಬೆಟ್ಟ ಅಂಥ ಸದ್ದನ್ನು ಅದಕ್ಕೆ ಮುಂಚೆ ಕೇಳಿರಲಿಕ್ಕಿಲ್ಲ. ನಾವು ಕೆಳಗಿಳಿದಾಗ ಬಂಡೆಯ ಹತ್ತಿರ ನರಪಿಳ್ಳೆಯೂ ಇರಲಿಲ್ಲ. ಹರಡಿದ ಎಲೆಗಳು, ಜೊತೆ ತಪ್ಪಿದ ಚಪ್ಪಲಿಗಳು, ಮತ್ತು ಮುತ್ತುಗದ ಎಲೆಯ ಮೇಲೆ ಹೊಗೆಯಾಡುವ ಬೋಂಡ. ಸಾಹೇಬರು ಸ್ವಲ್ಪ ಹೊತ್ತು ಬೆಟ್ಟ ನೋಡಿದರು, ಆಕಾಶ ನೋಡಿದರು, ಆಮೇಲೆ ಬೋಂಡ ನೋಡಿದರು.

“ಕೃಷ್ಣಪ್ಪ,” ಎಂದು ನನ್ನನ್ನು ಕರೆದರು.

“ಸಾರ್.”

“ಆರಿಹೋಗ್ತದೆ ಕಣಯ್ಯ.”

ಆ ದಿನ ನಮ್ಮ ಕೈಗೆ ಸಿಕ್ಕಿದ್ದು ಅಷ್ಟೇ, ಅದೂ ಉಳಿಯಲಿಲ್ಲ.

ಜೀಪು ಹೊಸದಾಗಿ ಬಂದ ವರ್ಷವೇ ನನ್ನ ಮದುವೆಯಾಯಿತು. ರತ್ನಳ ತವರು ಶ್ರೀನಿವಾಸಪುರದಾಚೆ ಗೌನಿಪಲ್ಲಿ. ಮಾವ ಮುನಿವೆಂಕಟಪ್ಪನವರಿಗೆ ಮಾವಿನ ತೋಪಿತ್ತು. ಮನೆಯ ಹಿತ್ತಲಿನಲ್ಲೂ ಒಂದು ಭಾರಿ ಮಾವಿನ ಮರ. ಆ ಕಡೆಯವರೆಲ್ಲರ ಹಾಗೆ ಅವರದ್ದೂ ಅರ್ಧ ಕನ್ನಡ, ಅರ್ಧ ತೆಲುಗು. ಖುಷಿಯಾದಾಗ ಪೂರ್ತಿ ತೆಲುಗು. ಅಳಿಯ ಅನ್ನುವುದನ್ನೇ ತೆಲುಗಿನಲ್ಲಿ “ಅಲ್ಲುಡುಗಾರೂ” ಎಂದು ಉದ್ದಕ್ಕೆ ಎಳೆದು ನನ್ನನ್ನು ಕೂಗಿದರೆ ಮನೆಯಲ್ಲಿ ಏನೋ ಸಿಹಿ ಮಾಡಿದ್ದಾರೆ ಅಂತಲೇ ಅರ್ಥ.

ಮದುವೆಯಾಗಿ ಬಂದ ಮೊದಲ ಯುಗಾದಿ. ಹಬ್ಬ ಕಳೆದು ಎರಡು ದಿನಕ್ಕೆ ಆಂಧ್ರದ ಗಡಿಯ ಕಡೆ ಕೆಲಸ ಮುಗಿಸಿಕೊಂಡು ವಾಪಸು ಬರುತ್ತಿದ್ದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಸಾಹೇಬರು ಕೇಳಿದರು, “ಇದು ನಿಮ್ಮ ಮಾವನ ಊರಲ್ವೇನಯ್ಯ? ನಡಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗೋಣ.” ನನಗೆ ಹಿಗ್ಗೋ ಹಿಗ್ಗು. ಹೊಸ ಅಳಿಯ, ಹೊಸ ಜೀಪು, ಪಕ್ಕದಲ್ಲಿ ಸಾಹೇಬರು! ಬೀದಿಗೆ ತಿರುಗಿಸಿದೆ. ಹಿಗ್ಗಿನಲ್ಲಿ ತಲೆ ಎಲ್ಲೋ ಇತ್ತು, ಕೈ ಮಾತ್ರ ಕಲಿತದ್ದನ್ನು ಮಾಡಿತು. ಜೀಪನ್ನು ಹಿಂದಕ್ಕೆ ಒತ್ತಿ, ಹಿಂಬಾಗಿಲನ್ನು ಮಾವನ ಮನೆಯ ಹೊಸ್ತಿಲಿಗೆ ಸರಿಯಾಗಿ ಹಚ್ಚಿ ನಿಲ್ಲಿಸಿದೆ.

ಬೀದಿ ಗಪ್‌ಚಿಪ್ಪಾಯಿತು. ಎದುರುಮನೆಯ ಹೆಂಗಸು ಹಪ್ಪಳದ ತಟ್ಟೆ ಹಿಡಿದು ನಿಂತವಳು ನಿಂತೇ ಇದ್ದಳು. ಜೀಪು ಆ ಥರ ಒಂದು ಮನೆಗೆ ಬೆನ್ನು ಕೊಟ್ಟು ನಿಂತಿತು ಅಂದರೆ ಏನರ್ಥ ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಮಾವನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಸಾಲದ್ದಕ್ಕೆ ಯುಗಾದಿಯ ದಿನ ಊರಿನ ಮಂಟಪದಲ್ಲಿ ಅವರೂ ಗೆಳೆಯರೊಂದಿಗೆ ಎಲೆ ಆಡಿದ್ದರು. ಹಬ್ಬಕ್ಕೆ ನಾಲ್ಕಾಣೆ ಎಂಟಾಣೆಯ ಆಟ, ಊರೆಲ್ಲ ಆಡುವುದೇ. ಆದರೆ ಹೊಸ ಅಳಿಯ ಪೊಲೀಸು, ಮುಲಾಜಿಲ್ಲದವನು, ಸಾಹೇಬರನ್ನೇ ಕರೆದುಕೊಂಡು ಬಂದಿದ್ದಾನೆ ಎಂದು ಅವರು ತೀರ್ಮಾನ ಮಾಡಿಬಿಟ್ಟರು.

ಅತ್ತೆ ಹೊರಗೆ ಬಂದರು. ಬಾಗಿಲಿಗೆ ಅಡ್ಡ ನಿಂತರು. “ಅವ್ರು ಮನೇಲಿಲ್ಲ.”

“ಎಲ್ಲಿಗೆ ಹೋದ್ರು ಅತ್ತೆ?”

“ಊರಲ್ಲೇ ಇಲ್ಲ. ತಿರುಪತಿಗೆ ಹೋದ್ರು.”

ಅಷ್ಟರಲ್ಲಿ ತಿರುಪತಿಗೆ ಹೋದವರ ದನಿ ಹಿತ್ತಲಿನ ಮಾವಿನ ಮರದ ಮೇಲಿನಿಂದ ಕೇಳಿಸಿತು. “ಅಯ್ಯಯ್ಯೋ! ಅಮ್ಮೋ!” ಅವಸರದಲ್ಲಿ ಹತ್ತಿದ ಕೊಂಬೆಯಲ್ಲೇ ಕೆಂಜಿಗ ಇರುವೆಯ ಗೂಡಿತ್ತು. ಇಳಿದು ಬಂದಾಗ ಮಾವ ಎರಡು ಕೈಯಲ್ಲೂ ಪಂಚೆ ಒದರುತ್ತಾ ಕುಣಿಯುತ್ತಿದ್ದರು. ಅಷ್ಟರಲ್ಲಿ ಜೀಪಿನಿಂದ ಇಳಿದು ಬಂದಿದ್ದ ಸಾಹೇಬರು ಗಂಭೀರವಾಗಿ ಕೈಮುಗಿದರು. “ಯಜಮಾನ್ರೇ, ಮಜ್ಜಿಗೆ ಕುಡಿಯೋಣ ಅಂತ ಬಂದ್ವಿ.” ಮಾವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆ ಮನೆಯಲ್ಲಿ ಎದ್ದ ನಗು ಊರ ತುಂಬ ಹರಡಿತು.

ಎಲ್ಲರೂ ನಕ್ಕರು, ರತ್ನ ಒಬ್ಬಳನ್ನು ಬಿಟ್ಟು. ಅವಳು ತವರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನಿಂದಲೇ ಗೆಳತಿಯರ ಕಾಟ: “ಏನೇ, ನಿನ್ ಗಂಡ ಬರ್ತವ್ನಾ? ಹೇಳ್ಬಿಡೇ ಮೊದ್ಲೇ, ಮಾಮನ್ನ ಮರ ಹತ್ತಿಸ್ಬೇಕು.” ಅವಳು ಕೋಲಾರಕ್ಕೆ ಬಂದು ನನ್ನ ಎದುರು ನಿಂತು ಹೇಳಿದಳು: “ಆ ಗಾಡಿ ಇನ್ನೊಂದ್ಸಲ ನಮ್ಮ ಬೀದಿಗೆ ಬರಕೂಡ್ದು. ನಾನಂತೂ ಸತ್ರೂ ಅದ್ರಲ್ಲಿ ಕೂರಲ್ಲ.” ಇಲಾಖೆಯ ಗಾಡಿಯಲ್ಲಿ ಮನೆಯವರನ್ನು ಕೂರಿಸುವಂತೆಯೇ ಇಲ್ಲವಲ್ಲ, ನಾನು ತಲೆಯಾಡಿಸಿದೆ.

ಈ ಜೀಪಿನ ಇನ್ನೊಂದು ಕಥೆ ಮುಳಬಾಗಿಲಿನದು. ಗಿರಾಕಿಯ ಬೈಕನ್ನು ಟ್ರಯಲ್ ನೋಡುತ್ತೇನೆಂದು ಹೇಳಿ ಗೆಳೆಯರನ್ನು ಹತ್ತಿಸಿಕೊಂಡು ಹೆದ್ದಾರಿಯಲ್ಲಿ ರೇಸ್ ಬಿಟ್ಟಿದ್ದ ಒಬ್ಬ ಮೆಕ್ಯಾನಿಕ್ ತರುಣನನ್ನು ಕರೆತರುತ್ತಿದ್ದೆವು. ಹೆಸರು ಚಾಂದ್ ಪಾಷಾ. ದಾರಿಯಲ್ಲಿ ಜೀಪು ನಿಂತುಹೋಯಿತು. ಆ ಕಾಲದ ಪದ್ಧತಿ ನಿಮಗೆ ನಗು ತರಿಸೀತು. ಗಾಡಿ ನಿಂತರೆ ಹಿಡಿದು ತಂದವರೂ ಇಳಿದು ತಳ್ಳಬೇಕು. ಚಾಂದ್ ಇಳಿದ, ತಳ್ಳಿದ. ಎಂಜಿನ್ ಹೊತ್ತಿಕೊಂಡಿತು. ಓಡಿಹೋಗಬಹುದಿತ್ತು, ಅವನು ಓಡಿಬಂದು ತಾನೇ ಹತ್ತಿ ಕೂತ. ಯಾಕೋ ಎಂದು ಕೇಳಿದರೆ, “ಸ್ಟಾರ್ಟರ್ ಸದ್ದು ಸರಿ ಇಲ್ಲ ಸಾಬ್. ನೋಡ್ದೆ ಹೋದ್ರೆ ನನಗೆ ನಿದ್ದೆ ಬರಲ್ಲ” ಅಂದ. ಠಾಣೆಯ ಅಂಗಳದಲ್ಲೇ ಬಿಚ್ಚಿ ಸರಿಮಾಡಿದ. ಸಾಹೇಬರು ದಂಡ ಕಟ್ಟಿಸಿಕೊಂಡು, ಬುದ್ಧಿ ಹೇಳಿ, ಟೀ ಕುಡಿಸಿ ಕಳಿಸಿದರು. ಮುಂದೆ ಅವನು ಕೋಲಾರದಲ್ಲಿ ಸ್ವಂತ ಗ್ಯಾರೇಜು ಹಾಕಿದ, ನನಗೆ ತಮ್ಮನಂತಾದ.

ಈಗಿನ ಗಾಡಿಗಳಲ್ಲಿ ಪರದೆ ಇದೆ. ಎಲ್ಲಿಗೆ ಹೋಗಬೇಕು, ಯಾವ ತಿರುವು, ಎಲ್ಲ ಅದೇ ಹೇಳುತ್ತದೆ. ನಮಗೆ ದಾರಿ ಹೇಳುತ್ತಿದ್ದದ್ದು ಟೀ ಅಂಗಡಿಯವರು, ಕುರಿ ಕಾಯುವವರು. ಅವರ ಹತ್ತಿರ ಮಾತಾಡುತ್ತಾ ನಿಂತರೆ ದಾರಿಯ ಜೊತೆಗೆ ಊರಿನ ಸುದ್ದಿಯೂ ಸಿಗುತ್ತಿತ್ತು. ಪರದೆ ಬೇಡ ಅನ್ನುವುದಿಲ್ಲ ಹುಡುಗರೇ, ಆಗಾಗ ಗಾಡಿಯ ಗಾಜು ಇಳಿಸಿ ಅಂತೀನಿ ಅಷ್ಟೇ.

ಜೀಪಿಗೆ ವಯಸ್ಸಾಗಿ ಇಲಾಖೆ ಅದನ್ನು ಹರಾಜಿಗೆ ಹಾಕಿದಾಗ ನನಗೆ ಇನ್ನೂ ಸರ್ವೀಸು ಬಾಕಿಯಿತ್ತು. ಗುಜರಿಯವರು ಅದರ ಸುತ್ತ ಸುತ್ತುತ್ತಾ ಕಬ್ಬಿಣದ ತೂಕದ ಮಾತಾಡುತ್ತಿದ್ದರು. ಅದು ನನಗೆ ತಡೆಯಲಾಗಲಿಲ್ಲ. ಕೂಗಿಬಿಟ್ಟೆ. ಸೈರನ್ನು, ಕೆಂಪು ದೀಪ, ವೈರ್‌ಲೆಸ್ಸು ಎಲ್ಲ ಬಿಚ್ಚಿಕೊಂಡು ಇಲಾಖೆ ಅದನ್ನು ನನಗೆ ಕೊಟ್ಟಿತು. ಮನೆಗೆ ತಂದಾಗ ರತ್ನ ಬಾಗಿಲಲ್ಲಿ ನಿಂತು ಅದನ್ನೂ ನನ್ನನ್ನೂ ನೋಡಿದಳು. “ಸವತಿನ ತಂದಂಗೆ ತಂದ್ರಲ್ಲ” ಎಂದು ಒಳಗೆ ಹೋದಳು. ಹೆಸರಿಗೆ ಮಾಡಿಸಿಕೊಂಡೆ, ಕಾಲಕಾಲಕ್ಕೆ ಕಾಗದಪತ್ರ ನವೀಕರಿಸಿದೆ. ಆದರೆ ನಿವೃತ್ತಿಯವರೆಗೂ ಅದು ಹುಣಸೆ ಮರದ ಕೆಳಗೇ ನಿಂತಿತ್ತು. ಕೋಳಿಗಳು ಸಾಹೇಬರ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು.

ನಿವೃತ್ತನಾದ ಮೇಲೆ ಒಂದು ಸಂಜೆ ರತ್ನಳೇ ಮಾತು ತೆಗೆದಳು. ಮಾವನಿಗೆ ಆಗಲೇ ಎಂಬತ್ತು ದಾಟಿತ್ತು. ಮನೆ ತುಂಬ ಮಗ ಸೊಸೆ ಮೊಮ್ಮಕ್ಕಳು, ಬಾಯಿ ತುಂಬ ಮಾತು, ಯಾವುದಕ್ಕೂ ಕಮ್ಮಿಯಿರಲಿಲ್ಲ. ಮಂಡಿ ಮಾತ್ರ ಬಗ್ಗುತ್ತಿರಲಿಲ್ಲ. ಬಸ್ಸು ಹತ್ತಲಾಗದು, ಕಾರಿನಲ್ಲಿ ಕಾಲು ಮಡಚಿ ಕೂರಲಾಗದು. ಮಗಳ ಮನೆಗೆ ಬಂದು ವರ್ಷಗಳಾಗಿದ್ದವು. “ಈ ಸಲ ಮಾವಿನ ಕಾಲಕ್ಕೆ ಅಪ್ಪ ಇಲ್ಲಿಗೆ ಬಂದಿರ್ಬೇಕು ಕಣ್ರೀ” ಅಂದಳು. ಆಮೇಲೆ ಬೇರೆ ಕಡೆ ನೋಡುತ್ತಾ, “ಆ ನಿಮ್ಮ ಗಾಡಿ ಹಿಂದಿನ ಬೆಂಚಲ್ಲಿ ಕಾಲು ಚಾಚ್ಕೊಂಡು ಕೂರಬೋದು, ಅಲ್ವಾ?”

ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಕಾಫಿ ಚೆಲ್ಲಿತು.

“ತಡೀರಿ. ನಾನೂ ಬರ್ತೀನಿ, ಮುಂದಿನ ಸೀಟಲ್ಲೇ ಕೂರ್ತೀನಿ. ಆದ್ರೆ ನಮ್ಮ ಬೀದೀಲಿ ಒಬ್ರಿಗೂ ಅದು ಪೊಲೀಸ್ ಗಾಡಿ ಅನ್ನಿಸಬಾರದು. ಹಂಗೆ ಮಾಡ್ಸಿದ್ರೆ ಸರಿ. ಇಲ್ಲಾಂದ್ರೆ ನೀವೂ ಇಳೀರಿ, ಗುಜರಿಗೆ ಹಾಕಿ.”

ಜೀಪನ್ನು ಎಳೆಸಿಕೊಂಡು ಚಾಂದ್ ಪಾಷಾನ ಗ್ಯಾರೇಜಿಗೆ ಹೋದೆ. ಅವನ ಗಡ್ಡ ಆಗಲೇ ಬೆಳ್ಳಗಾಗಿತ್ತು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಹಿಂದಿನ ಬೆಂಚು ತಟ್ಟಿದ. “ಅಣ್ಣಾ, ಈ ಸೀಟು ನನಗೆ ಚೆನ್ನಾಗಿ ನೆನಪೈತೆ. ಆವತ್ತೇ ಅನ್ಕೊಂಡೆ, ಸ್ಪ್ರಿಂಗ್ ಇಲ್ದೆ ಇರೋ ಸೀಟಲ್ಲಿ ಕೂರ್ಸೋದೇ ದೊಡ್ಡ ಶಿಕ್ಷೆ.” ಮೊದಲ ಕೆಲಸವಾಗಿ ಆ ಬೆಂಚಿಗೆ ಸ್ಪ್ರಿಂಗು, ಮೆತ್ತೆ, ಎಲೆಹಸಿರು ರೆಕ್ಸಿನ್ನು ಹಾಕಿಸಿದ.

ತಿಂಗಳುಗಟ್ಟಲೆ ಅದೇ ನಮ್ಮ ಆಟ. ಎಂಜಿನ್ ಬಿಚ್ಚಿದೆವು, ಕೂಡಿಸಿದೆವು. ವೈರ್‌ಲೆಸ್ ಇದ್ದ ಜಾಗದಲ್ಲಿ ರತ್ನಳ ಎಲೆಅಡಿಕೆ ಡಬ್ಬಿ ಕೂರಲು ಗೂಡು ಮಾಡಿಸಿದೆ. ಲಾಠಿ ಸಿಕ್ಕಿಸುವ ಕೊಕ್ಕೆಗಳಿಗೆ ಕೊಡೆ. ಮಾವನಿಗಾಗಿ ಹಿಂಬಾಗಿಲಿನ ಕೆಳಗೆ ಅಗಲವಾದ ಕಬ್ಬಿಣದ ಮೆಟ್ಟಿಲು. ಬೆಂಚಿನ ಪಕ್ಕ ಬೇಡಿಯ ಸರಪಳಿ ಸಿಕ್ಕಿಸುವ ಒಂದು ಬಳೆಯಿತ್ತು. “ಇದನ್ನ ಕತ್ತರಿಸಿಬಿಡ್ಲಾ?” ಎಂದು ಚಾಂದ್ ಕೇಳಿದ. “ನಕ್ಕೋ” ಎಂದು ಅವನ ಮಾತಿನಲ್ಲೇ ಬೇಡ ಅಂದೆ. ಗುಂಡಿ ರಸ್ತೆಯಲ್ಲಿ ಹಿಡಿದುಕೊಳ್ಳಲು ಒಂದು ಹಿಡಿಕೆ ಬೇಕಲ್ಲ.

ಬಣ್ಣ ರತ್ನಳ ಆಯ್ಕೆ: ಹದವಾಗಿ ಹಣ್ಣಾದ ಬಾದಾಮಿ ಮಾವಿನ ಬಣ್ಣ. ಆರ್‌ಟಿಒ ಅನುಮತಿ ಪಡೆದು ಬಳಿಸಿದೆವು. ಬಿಸಿಲಿಗೆ ನಿಲ್ಲಿಸಿ ನೋಡಿದರೆ ಜೀಪು ಮದುವಣಗಿತ್ತಿಯ ಹಾಗಿತ್ತು. ರತ್ನಳನ್ನು ಕರೆಸಿದೆ. ಅವಳು ಬಂದು ಸುಮ್ಮನೆ ಬಾನೆಟ್ಟಿನ ಮೇಲೆ ಅಂಗೈ ಆಡಿಸಿದಳು, ರೊಟ್ಟಿ ಹಿಟ್ಟಿನ ಹದ ನೋಡುವಂತೆ.

“ಪೊಲೀಸ್ ಅಂತ ಇಲ್ಲೇ ಐತಲ್ಲ.”

ಬಗ್ಗಿ ನೋಡಿದೆವು. ಓರೆಬಿಸಿಲಿಗೆ ಆ ಅಕ್ಷರಗಳು ಉಬ್ಬಿ ಕಾಣುತ್ತಿದ್ದವು. ಅದಕ್ಕೆ ಕಾರಣ ನಾನೇ. ಪ್ರತಿವರ್ಷ ಮೇಲಧಿಕಾರಿಗಳ ತಪಾಸಣೆಗೆ ಮುಂಚೆ ಚಾಲಕರೇ ಕೂತು ಆ ಅಕ್ಷರಗಳ ಮೇಲೆ ಹೊಸ ಬಣ್ಣ ಎಳೆಯುವುದು ನಮ್ಮಲ್ಲಿ ರೂಢಿ. ನನ್ನ ಅಕ್ಷರ ದುಂಡಗೆ ಅಂತ ಹೊಗಳಿಸಿಕೊಂಡು ಬೇರೆಯವರಿಗಿಂತ ದಪ್ಪಗೆ ಬಳಿದಿದ್ದೆ. ಪದರದ ಮೇಲೆ ಪದರ ಕೂತು ಅದು ಬಾನೆಟ್ಟಿಗಿಂತ ಗಟ್ಟಿಯಾಗಿತ್ತು. ಚಾಂದ್ ಸ್ಯಾಂಡ್‌ಪೇಪರ್ ತಂದು ನನ್ನ ಕೈಗೇ ಕೊಟ್ಟ. “ನೀವು ಬಳಿದಿದ್ದು, ನೀವೇ ಕೆರೀರಿ.” ಕೆರೆದೆ. ಒಂದೊಂದೇ ಪದರ ಏಳುತ್ತಾ ಹೋದಂತೆ ಒಂದೊಂದು ತಪಾಸಣೆಯ ಕಥೆ ನೆನಪಾಯಿತು. ಅವನ್ನೆಲ್ಲ ಹೇಳುತ್ತಾ ಕೆರೆದದ್ದಕ್ಕೆ ಕೆಲಸ ಎಳೆಯಿತು ಎಂದು ಚಾಂದ್ ಇವತ್ತಿಗೂ ದೂರುತ್ತಾನೆ.

ಮತ್ತೆ ಬಣ್ಣವಾಯಿತು. ಪರೀಕ್ಷೆಗೆಂದು ನಾವಿಬ್ಬರೂ ವೇಮಗಲ್ ಕಡೆ ಹೊರಟೆವು. ದಾರಿಯಲ್ಲಿ ಹೆಲ್ಮೆಟ್ ಇಲ್ಲದ ಒಬ್ಬ ನಮ್ಮನ್ನು ನೋಡಿ ಸ್ಕೂಟರ್ ತಿರುಗಿಸಿದ. ಅರಳಿಕಟ್ಟೆಯ ಮೇಲೆ ಕೂತವರು ಏನೋ ಬಚ್ಚಿಟ್ಟುಕೊಂಡು ಎದ್ದರು. ಟೀ ಅಂಗಡಿಯವನು ದುಡ್ಡು ಕೇಳಲು ಹಿಂದೆಮುಂದೆ ನೋಡಿದ. ಚಾಂದ್ ನನ್ನನ್ನು ತಲೆಯಿಂದ ಕಾಲಿನವರೆಗೆ ದಿಟ್ಟಿಸಿದ. ನಾನು ಮೊಣಕೈ ಹೊರಗೆ ಚಾಚಿ, ರಸ್ತೆಯ ನಟ್ಟನಡುವೆ, ಎರಡನೇ ಗೇರಿನಲ್ಲಿ, ಎಡಬಲ ಎಲ್ಲರ ಮುಖ ನೋಡುತ್ತಾ ಓಡಿಸಿದ್ದೆ.

“ಅಣ್ಣಾ, ಬಣ್ಣ ಬದಲಾಯ್ಸಿದೆ, ಸೀಟು ಬದಲಾಯ್ಸಿದೆ. ಡ್ರೈವರ್ ಬದಲಾಯ್ಸೋದು ನನ್ ಕೈಲಾಗಲ್ಲ.”

ಆಮೇಲೆ ನನಗೇ ತರಬೇತಿ. ಮೊಣಕೈ ಒಳಗೆ! ಎಡಕ್ಕೆ ಹೋಗಿ! ಜನರನ್ನ ಹಂಗೆ ನೋಡಬೇಡಿ, ನಗ್ರೀ ಸ್ವಲ್ಪ! ಎಲ್ಲಕ್ಕಿಂತ ಕಷ್ಟವಾದದ್ದು ಮೂತಿ ಒಳಗೆ ಮಾಡಿ ನಿಲ್ಲಿಸುವುದು. ಗ್ಯಾರೇಜಿನ ಮುಂದೆ ಚಾಂದ್ ಕೈಬೀಸಿ ಕರೆಯುತ್ತಿದ್ದ, ನಾನು ಮೂತಿ ಮುಂದಾಗಿಯೇ ತಂದು ನಿಲ್ಲಿಸುತ್ತಿದ್ದೆ. ಇಳಿದು ನೋಡಿದರೆ ಎಡಗೈಯಲ್ಲಿ ಮುಖ ತೊಳೆದ ಹಾಗೆ ಅನ್ನಿಸುತ್ತಿತ್ತು. ಕೊನೆಗೂ ಅಭ್ಯಾಸವಾಯಿತು. ಆಯಿತು ಅಂದುಕೊಂಡೆವು.

ಮಾವಿನ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ರತ್ನ ರೇಷ್ಮೆ ಸೀರೆ ಉಟ್ಟು ಬಂದು ಸಾಹೇಬರ ಸೀಟಿನಲ್ಲಿ ಕೂತಳು. ಎಲೆಅಡಿಕೆ ಡಬ್ಬಿ ಗೂಡಿನಲ್ಲಿಟ್ಟಳು. “ನಡೀರಿ” ಅಂದಳು. ನನಗೆ ಏನಾಯಿತೋ, “ಸಾರ್” ಅಂದುಬಿಟ್ಟೆ. ಅವಳು ಶ್ರೀನಿವಾಸಪುರ ಬರುವವರೆಗೂ ನಕ್ಕಳು. ಮಾವಿನ ಮಂಡಿಯ ಹತ್ತಿರ ಗಾಡಿಗಟ್ಟಲೆ ಹಣ್ಣಿನ ಘಮ. ಲಾರಿಯವರು ನಮ್ಮ ಬಣ್ಣ ನೋಡಿ ಹಾರನ್ ಮಾಡಿ ಕೈಬೀಸಿದರು. ಒಬ್ಬನೂ ಓಡಲಿಲ್ಲ.

ಗೌನಿಪಲ್ಲಿಯ ಬೀದಿಗೆ ತಿರುಗುವ ಮುಂಚೆ ಅವಳು ಮತ್ತೊಮ್ಮೆ ಎಚ್ಚರಿಸಿದಳು. “ಮೂತಿ ಮನೆ ಕಡೆಗೆ. ನೆನಪಿರಲಿ.”

“ನೆನಪಿದೆ ಕಣೇ.”

ಬೀದಿಯವರು ಜಗುಲಿಗಳ ಮೇಲೆ ಬಂದು ನಿಂತಿದ್ದರು. ಅವಳ ಹಳೆಯ ಗೆಳತಿಯರೂ ಇದ್ದರು. ಯಾರೋ ನನ್ನ ಹೆಸರು ಕೂಗಿದರು. ಯಾರೋ “ಏನ್ ಬಣ್ಣಾನೇ!” ಅಂದರು. ನನಗೆ ಮತ್ತೆ ಅದೇ ಹಿಗ್ಗು. ತಲೆ ಎಲ್ಲೋ ಹೋಯಿತು. ಕನ್ನಡಿ ನೋಡಿದೆ, ಗೇರ್ ಎಳೆದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಜೀಪನ್ನು ಹಿಂದಕ್ಕೆ ಒತ್ತಿ ಹಿಂಬಾಗಿಲನ್ನು ಮಾವನ ಮನೆಯ ಹೊಸ್ತಿಲಿಗೆ ಹಚ್ಚಿ ನಿಲ್ಲಿಸಿದೆ.

“ರೀ!” ಅಂದಳು ರತ್ನ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ಬೀದಿ ಗಪ್‌ಚಿಪ್ಪಾಯಿತು. ಬಾಗಿಲಲ್ಲಿ ಮಾವ ಇರಲಿಲ್ಲ. ಜಗುಲಿಯ ಮೇಲಿದ್ದ ಅವರ ಕುರ್ಚಿ ಖಾಲಿ. ಬಾಮೈದ ಹೊರಗೆ ಬಂದು ಅತ್ತಿತ್ತ ನೋಡಿ, “ಈಗ ಇಲ್ಲೇ ಇದ್ರಲ್ಲ ಅಪ್ಪ” ಅಂದ. ಗೆಳತಿಯೊಬ್ಬಳು ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾವೆಲ್ಲರೂ ಒಟ್ಟಿಗೆ ಕತ್ತೆತ್ತಿ ಹಿತ್ತಲಿನ ಮಾವಿನ ಮರದ ಕಡೆ ನೋಡಿದೆವು.

ಬೆನ್ನ ಹಿಂದೆ ಕಬ್ಬಿಣದ ಮೆಟ್ಟಿಲು ಕಿರುಗುಟ್ಟಿತು. ಜೀಪು ಸಣ್ಣಗೆ ವಾಲಿತು. ತಿರುಗಿ ನೋಡಿದರೆ ಹಸಿರು ಬೆಂಚಿನ ಮೇಲೆ ಮಾವ! ಕಾಲು ಉದ್ದಕ್ಕೆ ಚಾಚಿ, ಕೋಲನ್ನು ತೊಡೆಯ ಮೇಲೆ ಮಲಗಿಸಿ, ಬೇಡಿಯ ಬಳೆಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಹೊಸ್ತಿಲಿಂದ ಎತ್ತಿದ ಹೆಜ್ಜೆಯನ್ನು ಜೀಪಿನಲ್ಲೇ ಇಟ್ಟಿದ್ದರು.

“ಅಲ್ಲುಡುಗಾರೂ,” ಅಂದರು, “ಈಗ ಮರ ಹತ್ತೋಕೆ ಮಂಡಿ ಕೇಳಲ್ಲ. ಸರೆಂಡರ್ ಆಗಿದೀನಿ. ಹೊರಡಿ.”

ಎದುರುಮನೆಯಿಂದ ಯಾರೋ ಕೂಗಿದರು, “ಏನ್ ಕೇಸು ಮುನಿವೆಂಕಟಪ್ಪಣ್ಣ?”

“ಅದೇ ಕಣಪ್ಪ, ಆ ಯುಗಾದಿ ಕೇಸು!”

ಬೀದಿಗೆ ಬೀದಿಯೇ ನಕ್ಕಿತು. ರತ್ನ ಮುಖದಿಂದ ಕೈ ತೆಗೆದಳು. ನಗುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು. ಸಾಹೇಬರ ಸೀಟಿನಿಂದ ಇಳಿದು, ಸುತ್ತಿ ಬಂದು, ಹಿಂದಿನ ಬೆಂಚಿನಲ್ಲಿ ಅಪ್ಪನ ಪಕ್ಕ ಕೂತಳು. “ನನ್ನೂ ಹಿಡ್ಕೊಂಡು ಹೋಗಿ” ಅಂದಳು. ಒಳಗೆ ಊಟ ಕಾಯುತ್ತಿತ್ತು, ಬಾಮೈದ ಇಳಿಯಿರಿ ಇಳಿಯಿರಿ ಎಂದು ಗೋಗರೆದ. ಮಾವ ಬಳೆ ಬಿಡಲಿಲ್ಲ. “ಊಟ ಆಮೇಲೆ. ಮೊದ್ಲು ಊರೆಲ್ಲ ಒಂದು ರೌಂಡು. ಎಲ್ರೂ ನೋಡ್ಲಿ.”

ಮೂತಿ ರಸ್ತೆಯ ಕಡೆಗೇ ಇತ್ತು. ಫಸ್ಟ್ ಗೇರ್ ಹಾಕಿದೆ. ಜೀಪು ಹೊರಟ ಕೂಡಲೇ ಮಾವನಿಗೆ ಏನೋ ಕೊರತೆ ಕಂಡಿತು. “ಸೈರನ್ ಎಲ್ಲಿ?”

“ಬಿಚ್ಚಿಬಿಟ್ಟವ್ರೆ ಮಾವ.”

“ಹಂಗಾ?” ಅಂದರು. ಕೋಲು ನೆಲಕ್ಕೆ ಕುಟ್ಟಿ, ಕತ್ತೆತ್ತಿ, ಎಂಬತ್ತು ದಾಟಿದ ಗಂಟಲಿನಲ್ಲಿ ತಾವೇ ಸೈರನ್ ಕೂಗತೊಡಗಿದರು. ಮನೆಮನೆಗಳಿಂದ ಜನ ಓಡಿಬಂದರು, ಜೀಪಿನ ಕಡೆಗೆ.